ಮೇಲಿನ ಕೋಣೆ ನಮಗೇ ಬೇಕೆಂದೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ!

ಹನ್ನೊಂದು ವರ್ಷ ಕಾಯಿಸಿ ಹುಟ್ಟಿದ್ದಾಳೆ. ಮೊನ್ನೆ ಸೋಮವಾರ ನಮ್ಮ ಮನೆಯಲ್ಲೇ ತೊಟ್ಟಿಲಿಗೆ ಹಾಕಿ, ಅಮೃತಾ ಅಂತ ಕಿವಿಯಲ್ಲಿ ಮೂರು ಸಲ ಕೂಗಿದೆವು. ಬಣ್ಣ ಅಪ್ಪನದು, ಮೂಗು ನನ್ನದು. ಅತ್ತರೆ ಮೂರನೆಯ ಮನೆಗೆ ಕೇಳಿಸುತ್ತದೆ. ಆ ಅಳು ಕೇಳಿದಾಗಲೆಲ್ಲ ಎದ್ದು ಕುಣಿಯಬೇಕು ಅನ್ನಿಸುತ್ತದೆ ನನಗೆ. ಮೊಣಕಾಲು ಬಿಡುವುದಿಲ್ಲ, ಅಷ್ಟೇ.

ಸಂತೋಷದ ಮಾತು ಮೊದಲು ಹೇಳಿಬಿಟ್ಟೆ. ಇನ್ನು ಆ ರಾತ್ರಿಯದು ಹೇಳುತ್ತೇನೆ.

ನಾನು ಮೂರನೆಯ ತರಗತಿಗೆ ಸಾಲಿ ಬಿಟ್ಟವಳು. ಇಲ್ಲದ್ದನ್ನು ಇದೆ ಅಂತ ಕಟ್ಟಿ ಬರೆಯುವಷ್ಟು ವಿದ್ಯೆ ನನಗಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಒಂದು ಲಾಡ್ಜಿನ ಮಹಡಿಯ ಮೇಲೆ, ನನ್ನ ಬೆನ್ನಿಗೂ ಅದಕ್ಕೂ ನಡುವೆ ಒಂದು ಹಲಗೆಯ ಕದ ಮಾತ್ರ ಇತ್ತು. ಅಷ್ಟು ಹತ್ತಿರದಿಂದ ಕೇಳಿದ್ದೇನೆ. ಸುಳ್ಳು ಅನ್ನುವವರು ಆ ಕದಕ್ಕೆ ಬೆನ್ನು ಕೊಟ್ಟು ಒಂದು ರಾತ್ರಿ ಕೂತು ಬರಲಿ.

ನಮ್ಮದು ಸಿರುಗುಪ್ಪದ ಕಡೆ ಒಂದು ಹಳ್ಳಿ. ಮಗಳು ಮಂಜುಳಾಳನ್ನು ಕುರುಗೋಡಿಗೆ ಕೊಟ್ಟಿದ್ದೇವೆ. ಅಳಿಯ ವೀರೇಶ ಮೋಟಾರು ಪಂಪು ರಿಪೇರಿ ಮಾಡುತ್ತಾನೆ, ಒಳ್ಳೆಯ ಹುಡುಗ. ಹೆರಿಗೆ ಬಳ್ಳಾರಿಯಲ್ಲಾಯಿತು. ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬಿಡುತ್ತೇವೆ ಅಂದರು. ಆದರೆ ಕೂಸಿನ ಮೈ ಅರಿಶಿಣ ಬಣ್ಣಕ್ಕೆ ತಿರುಗಿತ್ತು. ‘ಒಂದು ವಾರ ದಿನಾ ಕರಕೊಂಡು ಬಂದು ತೋರಿಸಿ, ಬೆಳಗಿನ ಎಳೆಬಿಸಿಲಿಗೆ ಹಿಡಿಯಿರಿ’ ಅಂದರು ಡಾಕ್ಟರು.

ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ದಿನಾ ಸಿರುಗುಪ್ಪದಿಂದ ಕುಲುಕಿಸಿಕೊಂಡು ತರಲಿಕ್ಕಾಗುತ್ತದೆಯೇ? ಬಳ್ಳಾರಿಯಲ್ಲೇ ಎಲ್ಲಾದರೂ ಉಳಿಯಬೇಕು.

ವೀರೇಶನ ದೊಡ್ಡಮ್ಮನ ಮನೆ ಸತ್ಯನಾರಾಯಣಪೇಟೆಯಲ್ಲಿದೆ. ದೊಡ್ಡ ಮನೆ, ಮೂರು ಕೋಣೆ ಸುಮ್ಮನೆ ಬಿದ್ದಿವೆ. ಅವನು ಫೋನ್ ಮಾಡಿದ. ಆಕೆಯ ದನಿ ಪಕ್ಕದಲ್ಲಿ ಕೂತ ನನಗೂ ಮಂಜುಳಾಗೂ ಚೆನ್ನಾಗಿ ಕೇಳಿಸಿತು.

“ವೀರೇಶಾ, ತಪ್ಪು ತಿಳಕೋಬ್ಯಾಡಪ. ನನ್ನ ಸೊಸಿ ಈಗ ಮೂರು ತಿಂಗಳ ಬಸುರಿ. ಹನ್ನೊಂದು ವರ್ಷ ಹಡೀಲಾರದಾಕಿ ಕಣ್ಣು ಮನ್ಯಾಗ ಬ್ಯಾಡ. ಕೂಸು ಒಂದು ವರ್ಷದ್ದಾಗಲಿ, ಆಮ್ಯಾಗ ಬರ್ರಿ, ಸೀರಿ ಉಡಿಸಿ ಕಳಿಸ್ತೀನಿ.”

ಹಡೆದು ಐದು ದಿನವಾದವಳ ಕಿವಿಗೆ ಬಿದ್ದ ಮಾತು ಇದು. ಮಂಜುಳಾ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು, ಅಷ್ಟೇ. ನನ್ನ ಎದೆಯಲ್ಲಿ ಮಾತ್ರ ಕೆಂಡ ಬಿತ್ತು. ಇನ್ನು ಮೇಲೆ ನನ್ನ ಮಗಳಿಗೆ, ನನ್ನ ಮೊಮ್ಮಗಳಿಗೆ ಯಾರ ಹತ್ತಿರವೂ ಕಡಿಮೆಯದು ಬೇಡ, ಎಲ್ಲಾ ಮೊದಲಿನದು ಬೇಕು ಅಂತ ಆಗಲೇ ಹಲ್ಲು ಕಚ್ಚಿದೆ.

ವೀರೇಶ ಫೋನಿನಲ್ಲಿ ಹೋಟೆಲು ಹುಡುಕಲಿಕ್ಕೆ ಶುರು ಮಾಡಿದ. ಚುಕ್ಕಿ ಜಾಸ್ತಿ ಇದ್ದದ್ದು ಒಳ್ಳೆಯದಂತೆ.

“ಅತ್ತೀ, ಇದು ನೋಡ್ರಿ, ನಾಕೂವರಿ ಚುಕ್ಕಿ. ಕಿಟಕ್ಯಾಗ ನಿಂತ್ರ ಬೆಟ್ಟದ ಕ್ವಾಟಿ ಕಾಣ್ತತಂತ.”

“ಬಾಣಂತಿ ಕ್ವಾಟಿ ನೋಡಿ ಏನ್ ಮಾಡ್ತಾಳ್ರಿ ಅಳಿಯಂದ್ರ, ಯುದ್ಧಕ್ಕ ಹೋಗ್ತಾಳೇನು? ಬಿಸಿನೀರು ಕಾಸಾಕ ಒಲಿ ಐತೇನು ಕೇಳ್ರಿ. ಹೊಗಿ ಹಾಕಾಕ ಬಿಡ್ತಾರೇನು ಕೇಳ್ರಿ.”

ಕೇಳಿದ. ಹೊಗೆ ಅಂದ ಕೂಡಲೇ ಆ ಕಡೆಯವರು ಫೋನ್ ಇಟ್ಟರು. ಇನ್ನೊಂದು ಕಡೆ, ಚಾವಣಿಗೆ ಒಂದು ಯಂತ್ರವಿದೆ, ಹೊಗೆ ಕಂಡರೆ ಅದು ಕಿರಚುತ್ತದೆ ಅಂದರು. ಬಸ್ ಸ್ಟ್ಯಾಂಡಿನ ಹತ್ತಿರದ್ದು ಅಗ್ಗ, ಕೆಳಗೆ ಬಾರು. ಬಿಸಿಲು ಏರುತ್ತಿತ್ತು, ಕೂಸು ಅಳುತ್ತಿತ್ತು.

ಆಗ ಪಕ್ಕದ ಹಾಸಿಗೆಯ ಹನುಮಕ್ಕ ಮಾತಾಡಿದಳು.

ಹನುಮಕ್ಕ ಮೋಕ ಅನ್ನುವ ಹಳ್ಳಿಯವಳು. ಕೂಲಿ ಮಾಡುವ ಮುದುಕಿ, ನನ್ನ ವಾರಿಗೆಯವಳೇ. ಅವಳ ಮಗಳೂ ನನ್ನ ಮಗಳೂ ಒಂದೇ ದಿನ, ಒಂದು ತಾಸಿನ ಅಂತರದಲ್ಲಿ ಹಡೆದಿದ್ದರು. ಅವರದೂ ಹೆಣ್ಣು, ನಾಲ್ಕನೆಯದು. ಆ ಕೂಸಿನ ಮೈಯೂ ಹಳದಿ, ಅದಕ್ಕೂ ಒಂದು ವಾರ ಓಡಾಟ. ಐದು ದಿನವೂ ಹನುಮಕ್ಕ ನನಗೆ ಬಿಸಿನೀರು ತಂದುಕೊಟ್ಟಿದ್ದಳು, ನಾನು ಉಚ್ಚೆ ಬಟ್ಟೆ ಒಗೆಯುವಾಗ ನಮ್ಮ ಕೂಸನ್ನೂ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

“ಯಕ್ಕಾ, ಕೌಲ್ ಬಜಾರ್ದಾಗ ಒಂದು ಲಾಡ್ಜ್ ಐತಿ. ದವಾಖಾನಿ ಮಂದಿನ ಇರ್ತಾರ. ಸಾಬರು ಬಾಳ ಒಳ್ಳೇವರು, ಹಿತ್ತಲ್ದಾಗ ಒಲಿ ಐತಿ. ಮ್ಯಾಲೊಂದು ಕ್ವಾಣಿ ಐತಿ ನೋಡು, ಬೆಳಗ ಬಿಸಿಲು ಸೀದಾ ಮಂಚದ ಮ್ಯಾಲ ಬೀಳ್ತತಿ. ನಿನ್ನಿನ ಹೋಗಿ ಅದನ್ನ ಹಿಡದು ಗಂಟು ಇಟ್ಟು ಬಂದೀನಿ. ನೀನೂ ಬಾ, ಕೆಳಗೊಂದು ಖಾಲಿ ಐತಿ. ಇಬ್ಬರೂ ಜೋಡಿ ಇರೋಣು.”

“ಬರ್ತೀನವ್ವಾ,” ಅಂದೆ.

ಮನೆಗೆ ಬಿಡುವ ಚೀಟಿ ಅವಳದು ಇನ್ನೂ ಬಂದಿರಲಿಲ್ಲ. ನಮ್ಮದು ಬಂತು. ನಾನು ಆಟೊ ಕರೆಸಿದೆ.

ಕೌಲ್ ಬಜಾರಿನ ಆ ಓಣಿ ಇಷ್ಟಗಲ. ಒಂದು ಕಡೆ ತಗಡು ಬಡಿಯುವ ಸದ್ದು, ಇನ್ನೊಂದು ಕಡೆ ಬೆಸುಗೆಯ ಕಿಡಿ. ಲಾಡ್ಜಿನ ಮೇಲಿನ ಕೋಣೆ ಹನುಮಕ್ಕ ಹೇಳಿದ ಹಾಗೇ ಇತ್ತು. ಪೂರ್ವಕ್ಕೆ ದೊಡ್ಡ ಕಿಟಕಿ, ಗಾಳಿ, ಗೋಡೆಗೆ ಹೊಸ ಸುಣ್ಣ. ಮೂಲೆಯಲ್ಲಿ ಅವಳ ಗಂಟು. ಕೆಳಗಿನದು ಮಹಡಿ ಹತ್ತುವ ಪಾವಟಿಗೆಯ ಹಿಂದೆ. ಒಳಗೆ ಕಾಲಿಟ್ಟರೆ ಹಗಲಲ್ಲೂ ಲೈಟು ಹಾಕಬೇಕು. ಕಿಟಕಿಯೇ ಇಲ್ಲ. ಗೋಡೆಯ ಆಚೆ ಬಚ್ಚಲು, ಕೈಯಿಟ್ಟರೆ ಗೋಡೆ ಒದ್ದೆ.

ಮ್ಯಾನೇಜರು ವಯಸ್ಸಾದ ಸಾಬರು. “ಅಮ್ಮಾ, ಮೇಲಿಂದು ಹನುಮಕ್ಕನ ಹೆಸರಿಗೆ ಬರ್ದೀನಿ. ನಿಮಗೆ ಕೆಳಗಿಂದು,” ಅಂದರು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಾಯಿಂದ ಹೊರಗೆ ಬಂದುಬಿಟ್ಟಿತು.

“ಸಾಹೇಬ್ರ, ಹನುಮಕ್ಕನ ಕಳಿಸ್ಯಾಳ. ಮ್ಯಾಲಿಂದು ನೀವ್ ತಗೋರಿ, ನಮಗ ಕೆಳಗಿಂದ ಸಾಕು ಅಂತ ಆಕಿನ ಹೇಳ್ಯಾಳ. ಆಕಿ ಮಗಳಿಗೆ ಪಾವಟಿಗಿ ಹತ್ತಾಕ ಆಗಂಗಿಲ್ಲಂತ.”

ವೀರೇಶ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಅವನೇ ಹನುಮಕ್ಕನ ಗಂಟು ಎತ್ತಿ ಕೆಳಗಿನ ಕೋಣೆಯಲ್ಲಿ ಇಟ್ಟು ಬಂದ.

ಮಧ್ಯಾಹ್ನ ಸಾಬರು ನಮಾಜಿಗೆ ಹೋದ ಹೊತ್ತಿಗೆ ಹನುಮಕ್ಕ ಬಂದಳು, ಜೊತೆಗೆ ಮಗಳು, ಕೂಸು, ಕೈಯಲ್ಲಿ ಒಂದು ಬುಟ್ಟಿ. ಪಾವಟಿಗೆ ಹತ್ತಿ ಬಾಗಿಲಲ್ಲಿ ನಿಂತು ನೋಡಿದಳು. ಮಂಚದ ಮೇಲೆ ಮಂಜುಳಾ ಮಲಗಿದ್ದಳು, ಕೂಸು ಬೆಳಕಿನಲ್ಲಿ ಕೈಕಾಲು ಆಡಿಸುತ್ತಿತ್ತು.

“ಯಕ್ಕಾ… ಇದು ನಾ ಹಿಡದ ಕ್ವಾಣಿ ಅಲ್ಲೇನು?”

“ಕ್ವಾಣಿಗೇನು ನಿನ್ನ ಹೆಸರು ಕೊರದಾರೇನವ್ವಾ? ನಮ್ಮದು ಹನ್ನೊಂದು ವರ್ಷಕ್ಕ ಒಂದ ಒಂದು ಕೂಸು. ಬಿಸಿಲು ಬೇಕಂತ ಡಾಕ್ಟರು ಹೇಳ್ಯಾರ.”

“ನಮ್ಮ ಕೂಸಿಗೂ ಹೇಳ್ಯಾರ ಯಕ್ಕಾ.”

ಆಗ ನಾನು ಆ ಮಾತು ಅಂದೆ. ಬರೆಯಲಿಕ್ಕೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

“ನಿಮಗೇನವ್ವಾ, ಹೆಣ್ಣು ಹೊಸದೇನು? ಮನ್ಯಾಗ ಇನ್ನ ಮೂರು ಅದಾವಲ್ಲ.”

ಹನುಮಕ್ಕ ಜಗಳಕ್ಕೆ ನಿಲ್ಲಲಿಲ್ಲ. ಬೈದಿದ್ದರೆ ನಾನೂ ಬೈದು ಬಿಡುತ್ತಿದ್ದೆ, ಚೆನ್ನಾಗಿತ್ತು. “ಆತು ಬಿಡು,” ಅಂದು ಗೋಡೆ ಹಿಡಿದುಕೊಂಡು ಇಳಿದುಹೋದಳು.

ನನಗೇನೂ ಅನ್ನಿಸಲಿಲ್ಲ. ಖರೇ ಹೇಳುತ್ತೇನೆ. ಮೊಮ್ಮಗಳ ಅಂಗಾಲಿಗೆ ಮುತ್ತಿಟ್ಟು ಹಾಡಿಕೊಂಡು ಕೂತೆ.

ಅವತ್ತೇ ಐದನೆಯ ರಾತ್ರಿ.

ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ರಾತ್ರಿ ಬಲು ಸೂಕ್ಷ್ಮ. ಸೆಟಿವಿ ತಾಯಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳು ಬರೆದು ಹೋಗುತ್ತಾಳೆ ಅಂತ ನಂಬಿಕೆ. ಮೊರದಲ್ಲಿ ಅಕ್ಕಿ, ಎಲೆ ಅಡಿಕೆ, ಒಂದು ಖಾಲಿ ಹಾಳೆ, ಒಂದು ಪೆನ್ನು ಇಡುತ್ತೇವೆ. ಎಣ್ಣೆ ದೀಪ ಹಚ್ಚುತ್ತೇವೆ. ಗಂಡಸರು ಆ ಕೋಣೆಯಲ್ಲಿ ಇರಬಾರದು. ಒಮ್ಮೆ ಕದ ಹಾಕಿದರೆ ಬೆಳಕು ಹರಿಯುವ ತನಕ ಯಾರು ಕರೆದರೂ ತೆಗೆಯಬಾರದು.

ವೀರೇಶನನ್ನು ಕುರುಗೋಡಿನ ಬಸ್ಸಿಗೆ ಕಳಿಸಿದೆ. ಸಾಬರ ಹತ್ತಿರ ಮೊರ ಕೇಳಿದರೆ, ಪಾಪ, ಅವರ ಮನೆಯಿಂದಲೇ ಹೊಸದು ತರಿಸಿಕೊಟ್ಟರು. “ಹನುಮಕ್ಕನೂ ಒಂದು ಒಯ್ದಳಮ್ಮಾ, ಇಬ್ಬರದೂ ಒಂದೇ ರಾತ್ರಿ ಅಂತಲ್ಲ,” ಅಂದು ನಕ್ಕರು. ರಾತ್ರಿ ಅವರು ಬೀದಿ ಬಾಗಿಲಿನ ಶಟರು ಎಳೆದು, ಒಳಗಿನಿಂದ ಬೀಗ ಹಾಕಿ, ಅದರ ಮುಂದೆಯೇ ಬೆಂಚಿನ ಮೇಲೆ ಮಲಗಿದ್ದು ನನ್ನ ಕಣ್ಣಾರೆ ನೋಡಿ ಮೇಲೆ ಬಂದೆ.

ಕದ ಹಾಕಿ ಅಗುಳಿ ಜಡಿದೆ. ಮೊರ ಇಟ್ಟೆ. ದೀಪ ಹಚ್ಚಿದೆ.

ತಗಡಿನ ಸದ್ದು ಎಂದೋ ನಿಂತಿತ್ತು. ಒಂದೊಂದೇ ಆಟೊ ಹೋಗುವುದೂ ನಿಂತಿತು. ಕೆಳಗಿನ ಕೋಣೆಯಿಂದ ಹನುಮಕ್ಕ ತೆಲುಗಿನಲ್ಲಿ ಲಾಲಿ ಹಾಡುವುದು ಪಾವಟಿಗೆಯ ಸಂದಿನಿಂದ ಮೇಲೆ ಬರುತ್ತಿತ್ತು. ಅದರ ಜೊತೆಗೆ ಹೊಗೆಯೂ ಬಂತು. ಬಾಣಂತಿಗೆ ಇದ್ದಿಲ ಕೆಂಡದ ಮೇಲೆ ಅಜವಾನ ಹಾಕಿ ಹಿಡಿಯುವ ಹೊಗೆ. ನಾವೂ ಹಾಕಿದ್ದೆವು, ಕಿಟಕಿ ತೆರೆದು.

ಕಿಟಕಿ ಇಲ್ಲದ ಕೋಣೆಯಲ್ಲಿ ಇಷ್ಟು ಹೊಗೆಯೇ… ಅಂತ ಒಂದು ಸಲ ಮನಸ್ಸಿಗೆ ಬಂತು. ಇಳಿದು ಹೋಗಿ ಒಂದು ಮಾತು ಹೇಳಬಹುದಿತ್ತು. ಕದ ಹಾಕಿದ್ದೇನಲ್ಲ, ತೆಗೆಯುವ ಹಾಗಿಲ್ಲವಲ್ಲ ಅಂದುಕೊಂಡೆ. ನಮ್ಮ ಕೂಸಿಗೆ ಕೆಮ್ಮು ಬಂದೀತು ಅಂತ ಟವೆಲ್ ಸುರುಳಿ ಮಾಡಿ ಕದದ ಕೆಳಗಿನ ಸಂದಿಗೆ ಒತ್ತಿದೆ. ಆಮೇಲೆ ಕದಕ್ಕೇ ಬೆನ್ನು ಕೊಟ್ಟು ಕೂತೆ.

ಲಾಲಿ ನಿಂತಿತು.

ಎಷ್ಟು ಹೊತ್ತು ಕೂತಿದ್ದೆನೋ… ಕಣ್ಣು ಎಳೆಯುತ್ತಿತ್ತು, ಆದರೆ ನಿದ್ದೆ ಮಾಡಿರಲಿಲ್ಲ. ಮಂಚದ ಮೇಲೆ ತಾಯಿ ಮಗು ಗೋಡೆಯ ಕಡೆ ತಿರುಗಿ ಮಲಗಿದ್ದರು.

ಟಪ್.

ಪಾವಟಿಗೆಯ ಮೇಲೆ ಹೆಜ್ಜೆ.

ಒಂದು ಮೆಟ್ಟಿಲು… ನಿಲ್ಲುವುದು. ಇನ್ನೊಂದು… ನಿಲ್ಲುವುದು. ಮೊಣಕಾಲು ನೋಯುವವರು ಹತ್ತುವ ಹಾಗೆ. ಹನುಮಕ್ಕನೇ ಜಗಳಕ್ಕೆ ಬಂದಳು, ಹಗಲೆಲ್ಲ ನುಂಗಿಕೊಂಡದ್ದನ್ನು ಈಗ ಕಾರುತ್ತಾಳೆ ಅಂದುಕೊಂಡೆ. ಆದರೆ ಹನುಮಕ್ಕನ ಕೈತುಂಬ ಗಾಜಿನ ಬಳೆ, ನಡೆದರೆ ಸದ್ದಾಗುತ್ತದೆ. ಈ ಹೆಜ್ಜೆಗೆ ಬಳೆಯ ಸದ್ದಿರಲಿಲ್ಲ. ಉಸಿರಿನ ಸದ್ದೂ ಇರಲಿಲ್ಲ.

ಹೆಜ್ಜೆ ಮೇಲಕ್ಕೆ ಬಂತು. ನನ್ನ ಬೆನ್ನ ಹಿಂದೆ ನಿಂತಿತು.

ವಾಸನೆ ಬಂತು… ಆಗಷ್ಟೇ ಅಗೆದ ಹಸಿ ಮಣ್ಣಿನದು. ಬಳ್ಳಾರಿಯ ಬೇಸಿಗೆ, ಮಳೆ ಕಂಡು ಎಷ್ಟೋ ತಿಂಗಳಾದ ಊರು. ಟವೆಲ್ ಒತ್ತಿದ ಕದ. ಎಲ್ಲಿಂದ ಬರಬೇಕು ಆ ವಾಸನೆ?

ಯಾರೂ ಕದ ಬಡಿಯಲಿಲ್ಲ.

ಬೆನ್ನಿಗೆ ತಾಗಿದ್ದ ಹಲಗೆ ತಣ್ಣಗಾಗುತ್ತಾ ಬಂತು, ಮಣ್ಣಿನ ಕೊಡ ಒರಗಿಸಿದ ಹಾಗೆ. ದೀಪದ ಕುಡಿ ಮಂಚದ ಕಡೆಗೆ ಬಾಗಿತು. ಅಲ್ಲಾಡಲಿಲ್ಲ, ಬಾಗಿತು, ಬಾಗಿ ಹಾಗೇ ನಿಂತಿತು. ಗಾಳಿಯಿಲ್ಲ. ನಾನು ಎಣಿಸಿದ್ದರೆ ಇಪ್ಪತ್ತು, ಮೂವತ್ತು ಎಣಿಸಬಹುದಿತ್ತು, ಅಷ್ಟು ಹೊತ್ತು.

ಆಮೇಲೆ ಕುಡಿ ನೆಟ್ಟಗಾಯಿತು.

ಆಗ, ನನ್ನ ತಲೆಯ ಹಿಂದೆ, ಹಲಗೆಗೆ ತುಟಿ ಹಚ್ಚಿ ಮಾತಾಡಿದ ಹಾಗೆ ದನಿ ಬಂತು. ಹೆಂಗಸಿನ ದನಿ. ಸಿಟ್ಟಿಲ್ಲ, ಅವಸರವಿಲ್ಲ. ವಿಳಾಸ ಕೇಳುವವರ ದನಿ.

“ಯವ್ವಾ… ಮ್ಯಾಲಿನ ಕ್ವಾಣ್ಯಾಗಿನ ಕೂಸು ಒಯ್ಯಾಕ ಬಂದೀನಿ. ಆ ಕ್ವಾಣಿ ಇದ ಏನು?”

ನಾನು ಹಿಂದೆ ತಿರುಗದೆಯೇ ಕೇಳಿದೆ.

“ಯಾರವ್ವಾ ನೀನು…”

ಅದೇ ದನಿ ಮತ್ತೆ ಕೇಳಿತು.

“ಹನುಮಕ್ಕ ಹಿಡದ ಕ್ವಾಣಿ ಇದ ಅಲ್ಲೇನು?”

ಓದುವವರೇ, ಆ ಗಳಿಗೆಯಲ್ಲಿ ನನಗೆ ಎಲ್ಲಾ ಹೊಳೆಯಿತು. ಬಂದದ್ದು ಈ ಕೋಣೆಗೆ. ಬಿಸಿಲಿನ ಆಸೆಗೆ ನನ್ನ ಕೂಸನ್ನು ನಾನೇ ತಂದು ಅದರ ದಾರಿಯಲ್ಲಿ ಮಲಗಿಸಿದ್ದೆ. ‘ಇಲ್ಲಿ ಯಾವ ಕೂಸೂ ಇಲ್ಲ’ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. ದೇವರ ಹೆಸರು ಹೇಳಬಹುದಿತ್ತು. ಅವೆಲ್ಲ ನನಗೆ ಈಗ ಹೊಳೆಯುತ್ತವೆ.

ಆಗ ನಾನು ಹೇಳಿದ್ದು ಇದು.

“ಹೌದವ್ವಾ, ಹನುಮಕ್ಕಂದ. ಆದರ ಆಕಿ ಈಗ ಕೆಳಗದಾಳ. ಪಾವಟಿಗಿ ಹಿಂದಿನ ಕ್ವಾಣಿ. ನೀ ಹುಡುಕೋ ಕೂಸು ಅಲ್ಲೈತಿ.”

ಬಹಳ ಮೆಲ್ಲಗೆ ಹೇಳಿದೆ. ಆದರೆ ಸ್ಪಷ್ಟವಾಗಿ, ದಾರಿ ತಪ್ಪಬಾರದು ಅನ್ನುವ ಹಾಗೆ ಹೇಳಿದೆ.

ಬೆನ್ನಿನ ಹಲಗೆ ಬೆಚ್ಚಗಾಯಿತು.

ಒಂದು ಮೆಟ್ಟಿಲು… ನಿಲ್ಲುವುದು. ಇನ್ನೊಂದು… ನಿಲ್ಲುವುದು. ಕೆಳಗೆ ಒಂದು ಅಗುಳಿ ಸರಿದ ಸದ್ದು, ಕದ ತೆರೆದ ಸದ್ದು. ಹನುಮಕ್ಕನ ಬಳೆಯ ಸದ್ದು. ಆಮೇಲೆ ಏನೂ ಇಲ್ಲ.

ನಾನು ಎದ್ದು ನೋಡಲಿಲ್ಲ. ಕೂಗಲಿಲ್ಲ. ಮಂಚದ ಹತ್ತಿರ ಹೋಗಿ ಮೊಮ್ಮಗಳ ಎದೆಯ ಮೇಲೆ ಕೈಯಿಟ್ಟೆ. ಏರುತ್ತಿತ್ತು, ಇಳಿಯುತ್ತಿತ್ತು. ನನಗೆ ಅಳು ಬಂತು. ಹೆದರಿಕೆಯ ಅಳು ಅಂತ ಬರೆದರೆ ಸುಳ್ಳಾಗುತ್ತದೆ, ಅದು ಸಂತೋಷದ ಅಳು.

ಬೆಳಕು ಹರಿಯುವ ಮೊದಲೇ ಕೆಳಗಿನಿಂದ ಕೂಗು ಎದ್ದಿತು. ಹನುಮಕ್ಕನ ಮಗಳದು. ಅಂಥ ಕೂಗು ಯಾವ ತಾಯಿಗೂ ಬೇಡ.

ಕೂಸು ಕಣ್ಣು ತೆರೆಯಲಿಲ್ಲ. ಸಾಬರೇ ಆಟೊ ತಂದು ಆಸ್ಪತ್ರೆಗೆ ಒಯ್ದರು. ತಿರುಗಿ ಬಂದಾಗ ಬಟ್ಟೆಯಲ್ಲಿ ಸುತ್ತಿ ತಂದರು. ಕಿಟಕಿ ಇಲ್ಲದ ಕೋಣೆಯಲ್ಲಿ ರಾತ್ರಿಯೆಲ್ಲ ಕೆಂಡ ಇಟ್ಟಿದ್ದಕ್ಕೇ ಆಯಿತು, ಎಳೆ ಉಸಿರು ಕಟ್ಟಿತು, ತಾಯಿ, ಅಜ್ಜಿ ಉಳಿದದ್ದೇ ಪುಣ್ಯ ಅಂತ ಡಾಕ್ಟರು ಹೇಳಿದರಂತೆ. ಸಾಬರು ಹಣೆಗೆ ಕೈ ಹಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು.

“ಮೇಲಿನ ಕೋಣೆಯಲ್ಲೇ ಇದ್ದಿದ್ರೆ ಗಾಳಿ ಆಡ್ತಿತ್ತು. ಆಕೇನೇ ಬೇಡ ಅಂತ ಹೇಳಿ ಕಳಿಸಿದ್ಲು. ಹಣೇಬರಹ ಅಮ್ಮಾ.”

ನಾನು ಅವರ ಮುಂದೆ ಒಂದು ಚೊಂಬು ನೀರು ಇಟ್ಟೆ. ಆಮೇಲೆ ಕೇಳಿದೆ, “ಸಾಹೇಬ್ರ, ರಾತ್ರಿ ಹೊರಗಿಂದ ಹೆಣ್ಣುಮಗಳು ಯಾರಾದರೂ ಬಂದಿದ್ರೇನು?”

“ಯಾರು ಬರ್ತಾರಮ್ಮಾ? ಬೀಗದ ಕೈ ನನ್ನ ಜೇಬಲ್ಲೇ ಇತ್ತು.”

ಡಾಕ್ಟರು ಹೇಳಿದ್ದು ಕೆಂಡ. ಇರಬಹುದು. ಆದರೆ ಕೆಂಡ ಪಾವಟಿಗೆ ಹತ್ತುವುದಿಲ್ಲ. ಕೆಂಡ ವಿಳಾಸ ಕೇಳುವುದಿಲ್ಲ.

ಮೋಕದಿಂದ ಅವರ ಮಂದಿ ಬರುವ ತನಕ ಹನುಮಕ್ಕ ಪಾವಟಿಗೆಯ ಕೆಳಗೆ ಕೂತಿದ್ದಳು. ಹೊರಡುವಾಗ ಒಬ್ಬಳೇ ಮೇಲೆ ಬಂದಳು. ನಾನು ಮಂಚಕ್ಕೆ ಅಡ್ಡ ನಿಂತೆ. ಅವಳ ಕಣ್ಣು ನಮ್ಮ ಕೂಸಿನ ಮೇಲೆ ಬೀಳಬಾರದು ಅಂತ. ಸತ್ಯನಾರಾಯಣಪೇಟೆಯ ದೊಡ್ಡಮ್ಮ ಫೋನಿನಲ್ಲಿ ಆಡಿದ್ದನ್ನು ನಾನು ನಿಂತು ಮಾಡಿದೆ.

ಅವಳು ಕೂಸನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದಳು.

“ಯಕ್ಕಾ, ಒಂದು ಕೇಳ್ತೀನಿ, ಖರೇ ಹೇಳು. ರಾತ್ರಿ ನಮ್ಮ ಕ್ವಾಣಿಗೆ ಒಬ್ಬಾಕಿ ಬಂದಿದ್ಲು. ಈ ರಾತ್ರಿ ಕದ ತೆಗಿಯಂಗಿಲ್ಲವ್ವಾ, ಯಾರು ನೀನು ಅಂದೆ. ‘ಮ್ಯಾಲಿನವರು ಕಳಿಸ್ಯಾರ’ ಅಂದ್ಲು. ನಿನಗ ಮನಸ್ಸು ಕರಗಿ, ಹೊಗಿ ಬಾಳ ಆಗೇತಿ ಅಂತ ಕೂಸಿನ್ನ ಮ್ಯಾಲ ಕರಕೊಂಡು ಬರಾಕ ಯಾರನ್ನರ ಕಳಿಸಿದಿ ಅಂದುಕೊಂಡೆ. ಅದಕ್ಕ ಕದ ತೆಗದೆ.” ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಹೊರಗ ಯಾರೂ ಇರಲಿಲ್ಲ. ನೀ ಕಳಿಸಿದ್ದೇನು ಯಕ್ಕಾ?”

“ನಾ ಯಾರನ್ನೂ ಕಳಿಸಿಲ್ಲವ್ವಾ,” ಅಂದೆ. “ಹೊಗಿ ನೆತ್ತಿಗೇರಿ ಏನೋ ಕೇಳಿರಬೇಕು ನಿನಗ.”

ತಲೆಯಾಡಿಸಿದಳು. ನಂಬಿದಳು. ನನ್ನನ್ನು ನಂಬಿ ಇಳಿದುಹೋದಳು.

ಇನ್ನುಳಿದ ದಿನ ನಾವು ಅದೇ ಕೋಣೆಯಲ್ಲೇ ಇದ್ದೆವು. ಬಿಸಿಲು ಸೀದಾ ಮಂಚದ ಮೇಲೆ ಬೀಳುತ್ತಿತ್ತು. ಕೂಸಿನ ಹಳದಿ ಇಳಿಯಿತು. ‘ಇಷ್ಟು ಬೇಗ ಇಳಿಯುವುದು ಅಪರೂಪ’ ಅಂದರು ಡಾಕ್ಟರು. ನಾನು ಪೇಢೆ ಹಂಚಿದೆ.

ಕೆಲವರು ಕೇಳುತ್ತೀರಿ, ಸೆಟಿವಿ ತಾಯಿಯೇ ಬಂದಳೇನು ಅಂತ. ಆಕೆ ಬರೆಯುವವಳು, ಒಯ್ಯುವವಳಲ್ಲ. ಹಾಗಾದರೆ ಯಾರು? ನನಗೆ ಗೊತ್ತಿಲ್ಲ. ಮತ್ತೆ ಅಂಥ ರಾತ್ರಿ ಬಂದು ಅದೇ ದನಿ ಕೇಳಿದರೆ ಏನು ಹೇಳುತ್ತೀ ಅಂತ ಕೇಳಿದರೆ… ಅದು ಗೊತ್ತಿದೆ. ಅದನ್ನೇ ಹೇಳುತ್ತೇನೆ. ಮೊಮ್ಮಗಳ ಮುಖ ನೋಡಿದರೆ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಸೋಮವಾರ ತೊಟ್ಟಿಲು. ಕುರುಗೋಡಿನ ಬೀಗರೆಲ್ಲ ಬಂದರು. ಹಗಲೆಲ್ಲ ಹಾಡು, ನಗು, ಸೀರೆ, ಫೋಟೊ. ಸಂಜೆ ಹೊರಗಿನವರು ಹೋದ ಮೇಲೆ ಮನೆಯವರು ಮಾತ್ರ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ನಮ್ಮ ಯಜಮಾನರು, ವೀರೇಶ, ಬೀಗತಿ, ಮಕ್ಕಳು ಮರಿ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಮಂಜುಳಾಳ ಎಲೆಗೆ ಬಾಣಂತಿಯ ಪಥ್ಯ, ಬಿಸಿ ಅನ್ನ, ಬೆಳ್ಳುಳ್ಳಿ, ತುಪ್ಪ. ನಾನು ಬಡಿಸಿ ಮುಗಿಸಿ ಅವಳ ಪಕ್ಕದಲ್ಲೇ ಕೂತೆ.

ಎರಡು ತುತ್ತು ಉಂಡು ಅವಳು ತಲೆ ಎತ್ತದೆ ಮೆಲ್ಲಗೆ ಅಂದಳು.

“ಅವ್ವಾ, ಆ ರಾತ್ರಿ ನೀ ಅಂದದ್ದು ನಾ ಕೇಳೀನಿ.”

ನನ್ನ ಕೈ ಎಲೆಯ ಮೇಲೆ ನಿಂತಿತು.

“ನೀ ಮಕ್ಕೊಂಡಿದ್ದಿ ಅಲ್ಲೇನು?”

“ಮಕ್ಕೊಂಡಿರಲಿಲ್ಲ. ಆಕಿ ಮೊದಲ ನನ್ನ ಕೇಳಿದ್ಲು.” ಅವಳು ಅನ್ನ ಕಲಸುತ್ತಲೇ ಇದ್ದಳು. “ಮಂಚದ ಮ್ಯಾಲ ಬಂದು ಕುಂತು, ಕಿವ್ಯಾಗ ಕೇಳಿದ್ಲು. ಕೂಸಿನ ಎದಿ ಮ್ಯಾಲ ಕೈ ಇಟ್ಟಿದ್ಲು ಅವ್ವಾ.”

ಅಗುಳಿ ಜಡಿದಿತ್ತು. ನಾನು ಕದಕ್ಕೆ ಬೆನ್ನು ಕೊಟ್ಟು ಕೂತಿದ್ದೆ…

“ನೀ… ಏನಂದಿ?”

“ನಂಗ ಆ ಮಾತು ಹೇಳಾಕ ಬಾಯಿ ಬರಲಿಲ್ಲ. ಬಾಗಲ್ದಾಗ ನಮ್ಮವ್ವ ಕುಂತಾಳ, ಆಕಿನ್ನ ಕೇಳು ಅಂತ ಪಿಸುಮಾತಿನ್ಯಾಗ ಅಂದೆ.” ಒಂದು ತುತ್ತು ನುಂಗಿದಳು. “ನೀ ಹೇಳ್ತಿ ಅಂತ ನಂಗ ಗೊತ್ತಿತ್ತು.”

“ಏನ್ರಿ ಬೀಗರ!” ಆ ಕಡೆಯಿಂದ ಬೀಗತಿ ಕೂಗಿದರು. “ತಾಯಿ ಮಗಳದು ಏನ್ ಗುಸುಗುಸು? ಹೋಳಿಗಿ ತಳಕ್ಕ ಬಂತೇನು, ಮುಚ್ಚಿಡಾಕತ್ತೀರಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಎದ್ದು ಎಲ್ಲರ ಎಲೆಗೂ ಇನ್ನೊಂದೊಂದು ಹೋಳಿಗೆ ಹಾಕಿದೆ, ಬೀಗತಿಗೆ ಎರಡು. ಮಂಜುಳಾಳ ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಹೊಯ್ದು ಮತ್ತೆ ಕೂತು ಉಂಡೆ. ಹೊಟ್ಟೆ ತುಂಬ ಉಂಡೆವು ಎಲ್ಲರೂ.

ಎಲೆ ಎತ್ತುವ ತನಕ ನಾವಿಬ್ಬರೂ ತೊಟ್ಟಿಲ ಕಡೆ ತಿರುಗಿ ನೋಡಲಿಲ್ಲ.